ಹಿಡಿದವರಿಲ್ಲದ ನೆನಪು

ಊಟಕ್ಕೆ ಕುಳಿತಾಗ ಮನ್ವಿತ್ ಮುಂಜಾನೆಯ ಬದನೆಕಾಯಿಯ ಮಾತು ತೆಗೆದ.

"ಒಂದರಾಗ ಹುಳ ಇತ್ತು. ಗಾಡಿಯಂವಗ ತೋರಿಸಿದೆ. 'ಹುಳಕ್ಕ ಬ್ಯಾರೆ ರೊಕ್ಕ ಹಿಡದಿಲ್ರಿ ಸರ, ಹಂಗ ಒಯ್ರಿ' ಅಂದ!"

ದೊಡ್ಡ ಸಂಗತಿಯೇನೂ ಅಲ್ಲ. ಆದರೂ ಅವನ ತಾಯಿ ಅಂಕಿತಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು. ಹೆಂಡತಿ ಚಾರ್ವಿ ಪಲ್ಯದ ಸೌಟನ್ನು ಕೈಯಲ್ಲೇ ಹಿಡಿದು ನಿಂತಳು. ಮುಂಜಾನೆ ನಡೆದದ್ದು ಅವನಲ್ಲಿ ರಾತ್ರಿಯ ಊಟದ ತನಕ ಉಳಿದಿತ್ತು. ಹುಬ್ಬಳ್ಳಿಯ ವಿದ್ಯಾನಗರದ ಆ ನಾಲ್ಕನೆಯ ಮಹಡಿಯ ಮನೆಯಲ್ಲಿ ಹೀಗಾಗಲು ಶುರುವಾಗಿ ತಿಂಗಳುಗಳೇ ಕಳೆದಿದ್ದರೂ ಹೆಂಗಸರಿಬ್ಬರಿಗೂ ಅದು ಇನ್ನೂ ರೂಢಿಯಾಗಿರಲಿಲ್ಲ.

ಅವನ ಬಲಗಿವಿಯ ಹಿಂದೆ, ಕೂದಲ ಅಂಚಿನಲ್ಲಿ, ಹುಣಸೆಬೀಜದಷ್ಟು ಒಂದು ಉಬ್ಬು. ಅದರ ಹೆಸರು ಒತ್ತಾಸೆ. ಮಿದುಳುಜ್ವರದಿಂದ ಹೊಸ ನೆನಪು ಕಟ್ಟುವ ಶಕ್ತಿ ಕಳೆದುಕೊಂಡವರಿಗಾಗಿ ಡಾ. ಇಂಚರಾ ಕಮತಗಿ ಕಂಡುಹಿಡಿದದ್ದು. ನೋಡಿದ್ದು, ಕೇಳಿದ್ದು ಮಿದುಳಿನಲ್ಲಿ ಎಬ್ಬಿಸುವ ಮಿಂಚಿನ ವಿನ್ಯಾಸವನ್ನು ಅದು ಹಿಡಿದಿಡುತ್ತದೆ. ಬೇಕಾದಾಗ ಅದೇ ವಿನ್ಯಾಸವನ್ನು ಮಿದುಳಿಗೆ ಹಿಂದಿರುಗಿಸುತ್ತದೆ. ಧರಿಸಿದವನಿಗೆ ಅದು ಬೇರೆಲ್ಲಿಂದಲೋ ಬಂತೆಂದು ಅನಿಸುವುದಿಲ್ಲ. ನೆನಪಾಯಿತು ಎಂದಷ್ಟೇ ಅನಿಸುತ್ತದೆ. ಮನ್ವಿತ್‌ನ ಜ್ವರಕ್ಕೆ ಮೊದಲಿನ ಬದುಕೆಲ್ಲ ಮಿದುಳಿನಲ್ಲೇ ಇತ್ತು. ಆಮೇಲಿನದು ಹುಣಸೆಬೀಜದಲ್ಲಿ.

ಆದರೆ ಜಾಗ ಕಡಿಮೆ. ಒತ್ತಾಸೆಯನ್ನು ದೊಡ್ಡದು ಮಾಡಿದರೆ ಅದರ ಕಾವು ಮಿದುಳಿಗೆ ತಾಗುತ್ತದೆ. ಹಾಗಾಗಿ ಒಂದು ನೆನಪಿಗೆ ಜಾಗ ಕೊಡಬೇಕಾದರೆ ಇನ್ನೊಂದರ ಜಾಗ ಬಿಡಿಸಬೇಕು. ಈ ಕೊಡುವ, ಬಿಡಿಸುವ ಕೆಲಸ ಕಣಜ ಎಂಬ ತಂತ್ರಾಂಶದ್ದು. ಇಂಚರಾ ಅದನ್ನು ಮೊದಲು ಬರೆದದ್ದು ಮೋಡಗಳಿಗಾಗಿ. ಮುಂಗಾರಿನ ಲೆಕ್ಕ ಹಾಕುವ ವಿಜ್ಞಾನಿಗಳು ತಮ್ಮ ತಮ್ಮ ಕೆಲಸಕ್ಕೆ ಎತ್ತಿ ಜೋಡಿಸಿಕೊಳ್ಳಬಹುದಾದ ಸಿದ್ಧ ಕ್ರಮವಿಧಿಗಳ ಗ್ರಂಥಾಲಯ ಅದು. ಗಾಳಿ, ತೇವ, ಕಾವು ಎಂದು ರಾಶಿ ರಾಶಿ ಅಂಕಿಗಳಿಗೆ ಗಣಕದ ಒಳಗೆ ಜಾಗ ಕೇಳುವುದು, ಲೆಕ್ಕ ಮುಗಿದೊಡನೆ ಜಾಗವನ್ನು ಹಿಂದಿರುಗಿಸುವುದು ಅದರ ಕೆಲಸ. ಹಿಂದಿರುಗಿಸಲು ಮರೆತರೆ ಗಣಕ ತುಂಬಿ ಕುಸಿಯುತ್ತದೆ. ಮುಗಿಯುವ ಮುನ್ನವೇ ಹಿಂದಿರುಗಿಸಿದರೆ ಮೋಡ ಕುಳಿತಿದ್ದಲ್ಲಿ ಸಂಬಂಧವಿಲ್ಲದ ಇನ್ನೊಂದು ಅಂಕಿ ಬಂದು ಕೂರುತ್ತದೆ.

ಮೋಡದಲ್ಲಾದರೆ ಯಾವುದು ಬೇಕು, ಯಾವುದು ಬೇಡ ಎಂದು ಲೆಕ್ಕವೇ ಹೇಳುತ್ತದೆ. ಮನುಷ್ಯನಲ್ಲಿ ಹೇಳುವವರು ಯಾರು? ಒತ್ತಾಸೆಯನ್ನು ಮೊದಲು ಹಾಕಿಸಿಕೊಂಡ ಮುದುಕಿಯಲ್ಲಿ ಕಣಜವು ಹಳೆಯದನ್ನು ಮೊದಲು ತೆಗೆಯುತ್ತ ಹೋಗಿ, ಮೊಮ್ಮಗನ ನಾಮಕರಣವನ್ನು ಬಿಟ್ಟುಕೊಟ್ಟು, ನೀರಿನ ಟ್ಯಾಂಕು ತುಂಬಿ ಹರಿದ ಸದ್ದನ್ನು ಉಳಿಸಿತ್ತು. ರೋಗಿಯೇ ಮತ್ತೆ ಮತ್ತೆ ನೆನೆದದ್ದನ್ನು ಉಳಿಸೋಣ ಎಂದರೆ ಅದೂ ಸರಿಹೋಗಲಿಲ್ಲ. ನೊಂದವರು ನೋವನ್ನೇ ನೆನೆಯುತ್ತಾರೆ. ನೆನೆದಷ್ಟೂ ಅದು ಉಳಿಯುತ್ತದೆ, ಉಳಿದಷ್ಟೂ ನೆನೆಯುತ್ತಾರೆ. ತನ್ನನ್ನು ತಾನೇ ಹಿಡಿದುಕೊಂಡ ನೆನಪಿಗೆ ಬಿಡುಗಡೆ ಎಂಬುದೇ ಇರುವುದಿಲ್ಲ. ಅದು ಬೆಳೆದು ಇಡೀ ಒತ್ತಾಸೆಯನ್ನು ತುಂಬಿಬಿಡುತ್ತದೆ. ಕೊನೆಗೆ ಇಂಚರಾ, ರೋಗಿ ಎಷ್ಟು ಸಲ ನೆನೆದರೆಂಬ ಎಣಿಕೆಯನ್ನು ಬಿಟ್ಟು, ಮನೆಯವರ ಕೈಗೆ ಹಿಡಿಮಣಿ ಎಂಬ ಪುಟ್ಟ ಸಾಧನ ಕೊಟ್ಟರು.

ಸಂಜೆ ದೀಪ ಹಚ್ಚಿದ ಮೇಲೆ ಮನೆಯವರು ತಮ್ಮ ತಮ್ಮ ಮಣಿಯನ್ನು ಹೆಬ್ಬೆರಳಿನಿಂದ ಒತ್ತಿ ಕಣ್ಣು ಮುಚ್ಚುತ್ತಾರೆ. ಬಾಯಿಂದ ಹೇಳಿದರೆ ಮಣಿ ಕೇಳುವುದಿಲ್ಲ. ಆ ಗಳಿಗೆಯನ್ನು ಮನಸ್ಸಿನಲ್ಲಿ ಪೂರ್ತಿ ತಂದುಕೊಳ್ಳಬೇಕು. ಆಗ ಒತ್ತಾಸೆಯೊಳಗಿನ ಆ ನೆನಪನ್ನು ಒಂದು ಕೈ ಹಿಡಿದಿದೆ ಎಂದು ಲೆಕ್ಕ. ಇಬ್ಬರು ನೆನೆದರೆ ಎರಡು ಕೈ. ವಾರದಲ್ಲಿ ಒಮ್ಮೆಯಾದರೂ ನೆನೆಯದಿದ್ದರೆ ಕೈ ಸಡಿಲುತ್ತದೆ. ಯಾವ ಕೈಯೂ ಇಲ್ಲದ ನೆನಪಿನ ಜಾಗ ರೋಗಿ ನಿದ್ದೆ ಹೋದಾಗ ಬಿಡುಗಡೆಯಾಗುತ್ತದೆ.

ಯಾರು ಏನು ಹಿಡಿದಿದ್ದಾರೆಂದು ಮಣಿ ಯಾರಿಗೂ ಹೇಳುವುದಿಲ್ಲ. ಮೊದಮೊದಲು ಹೇಳುತ್ತಿತ್ತು, ಮನೆ ಮನೆಗಳಲ್ಲಿ ಜಗಳ ಎದ್ದವು. ನನ್ನ ತಮ್ಮನ ಮದುವೆ ಯಾಕೆ ಬಿಟ್ಟಿ, ನಿನ್ನ ತವರಿನವರನ್ನೇ ಯಾಕೆ ಹಿಡಿದಿ ಎಂದು. ಆಮೇಲೆ ಇಂಚರಾ ಅದನ್ನು ಮುಚ್ಚಿದರು. ದೇವರ ಮುಂದೆ ಕಣ್ಣು ಮುಚ್ಚಿದವರನ್ನು ಏನು ಬೇಡಿಕೊಂಡಿರಿ ಎಂದು ಕೇಳುವುದಿಲ್ಲವಲ್ಲ, ಹಾಗೆ ಯಾರು ಏನು ಹಿಡಿದರೆಂದು ಕೇಳದಿರುವುದೂ ಒಂದು ರೀತಿಯಾಯಿತು.

ಆ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಹಿಡಿಯಬೇಕಾಗಿದ್ದ ನೆನಪು ಒಂದೇ.

ಮನ್ವಿತ್ ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ಜ್ವರ ಬಂದದ್ದು ಅವನಿಗೂ ಆರು ವರ್ಷದ ಮಗಳು ಇಬ್ಬನಿಗೂ ಒಟ್ಟಿಗೆ. ಅವನು ಉಳಿದ. ಇಬ್ಬನಿ ಉಳಿಯಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಮುಂಜಾನೆ ಅವನು "ಇಬ್ಬು ಎದ್ದಳೇನು?" ಎಂದು ಕೇಳಿದ. ಚಾರ್ವಿ ಹೇಳಿದಳು. ಅವನು ಗೋಡೆಗೆ ತಲೆ ಬಡಿದುಕೊಂಡು ಅತ್ತ. ಮರುದಿನ ಎದ್ದು ಮತ್ತೆ, "ಇಬ್ಬು ಎದ್ದಳೇನು?" ಮೂರನೆಯ ಸಲದಿಂದ ಚಾರ್ವಿ ಸುಳ್ಳು ಕಲಿತಳು. ಗದಗಿಗೆ ಹೋಗಿದ್ದಾಳೆ, ದೊಡ್ಡಮ್ಮನ ಮನೆಗೆ. ನಾಳೆ ಬರುತ್ತಾಳೆ. ಒಂದು ವರ್ಷದಷ್ಟು ಮುಂಜಾವುಗಳು ಅವಳು ಆ ಸುಳ್ಳನ್ನು ನಗುನಗುತ್ತ ಹೇಳಿ, ನಲ್ಲಿ ಬಿಟ್ಟು ಪಾತ್ರೆ ತೊಳೆಯುತ್ತ ಅತ್ತಿದ್ದಳು.

ಒತ್ತಾಸೆ ಹಾಕಿದ ವಾರ, ನವಲೂರಿನ ಬಳಿಯ ಮಿದುಳು ಕೇಂದ್ರದ ತೋಟದಲ್ಲಿ, ಒಂದು ಬೆಂಚಿನ ಮೇಲೆ ಕುಳಿತು, ಅತ್ತೆಯ ಎದುರಿಗೇ, ಅವಳು ಅವನಿಗೆ ಕೊನೆಯ ಸಲ ಹೇಳಿದಳು. ಈ ಸಲ ಅದು ಉಳಿಯಿತು. ಮರುದಿನ ಅವನು ಏನೂ ಕೇಳಲಿಲ್ಲ. ಎದ್ದು ಕುಳಿತು ಗೋಡೆ ನೋಡುತ್ತ ಅತ್ತ. ಇನ್ನೊಬ್ಬರು ತನ್ನ ಜೊತೆ ಅಳುವುದೂ ಒಂದು ಸುಖವೆಂದು ಚಾರ್ವಿಗೆ ಅಂದು ತಿಳಿಯಿತು. ಆಮೇಲಿನ ತಿಂಗಳುಗಳಲ್ಲಿ ಅವನ ದುಃಖ ಎಲ್ಲರ ದುಃಖದಂತೆಯೇ ನಡೆಯಿತು. ಮೊದಲು ಊಟ ಬಿಟ್ಟ, ಆಮೇಲೆ ಮಾತು ಬಿಟ್ಟ, ಆಮೇಲೆ ಒಂದೊಂದಾಗಿ ಎಲ್ಲವನ್ನೂ ಮತ್ತೆ ಹಿಡಿದ.

ದಣಿದವಳು ಚಾರ್ವಿ. ಆ ಬೆಂಚಿನ ಗಳಿಗೆಯನ್ನು ಹಿಡಿಯಲು ಅವಳು ಅದನ್ನು ಪೂರ್ತಿ ತಂದುಕೊಳ್ಳಬೇಕಿತ್ತು. ತಾನು ಆಡಿದ ಮಾತು, ಅವನ ಮುಖ ಮೆಲ್ಲಗೆ ಕುಸಿದ ರೀತಿ. ಅದರ ಬೆನ್ನಿಗೇ ಆಸ್ಪತ್ರೆ ಬರುತ್ತಿತ್ತು. ದೊಡ್ಡವರ ಹಾಸಿಗೆಯ ಮೇಲೆ ಮಗುವಿನ ಇಷ್ಟೇ ಇಷ್ಟು ಉದ್ದ ಬರುತ್ತಿತ್ತು. ಪ್ರತಿ ಸಂಜೆ ಕುಕ್ಕರಿನ ಸೀಟಿಯ ನಡುವೆ ಮಗಳನ್ನು ಮತ್ತೊಮ್ಮೆ ಕಳೆದುಕೊಂಡು, ಎದ್ದು ಸಾರಿಗೆ ಒಗ್ಗರಣೆ ಹಾಕುವುದು ಅವಳಿಂದ ಆಗದಾಯಿತು. ಅತ್ತೆ ಹೇಗೂ ಹಿಡಿದಿದ್ದಾರೆ ಎಂದುಕೊಂಡಳು. ಒಂದು ಕೈ ಸಾಕಲ್ಲ. ಮಣಿ ಒತ್ತಿ, ಬದನೆಕಾಯಿಯಂಥ ಸಣ್ಣ ಸಣ್ಣ ಮಾತುಗಳನ್ನಷ್ಟೇ ನೆನೆದು ಎದ್ದುಬಿಡುತ್ತಿದ್ದಳು.

ಬದನೆಕಾಯಿಯ ಊಟದ ಮರುದಿನ ಮುಂಜಾನೆ ಅಡುಗೆಮನೆಯಿಂದ ಸಿಳ್ಳು ಕೇಳಿಸಿತು. ಚಾರ್ವಿ ಒದ್ದೆ ಕೂದಲಿಗೆ ಟವೆಲ್ಲು ಸುತ್ತಿಕೊಂಡು ಹೊರಗೆ ಬಂದಳು. ಮನ್ವಿತ್ ಹಂಚಿಗೆ ಎಣ್ಣೆ ಸವರುತ್ತಿದ್ದ.

"ಚಾರೂ, ಇಬ್ಬು ಎದ್ದಳೇನು? ಎಬ್ಬಿಸಬ್ಯಾಡ, ಮಲಗಲಿ. ಮೊಲದ ದ್ವಾಸಿ ಮಾಡಿಕೊಡತೀನಿ ಅಂದಿದ್ದೆ ಅಕಿಗೆ."

ಚಾರ್ವಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಪಡಸಾಲೆಯಲ್ಲಿ ಅತ್ತೆ ಹೂ ಕಟ್ಟುತ್ತಿದ್ದವರು ದಾರ ಬಿಟ್ಟು ಎದ್ದು ನಿಂತಿದ್ದರು. ಅವರ ಮುಖ ನೋಡಿದೊಡನೆ ಅವಳಿಗೆ ಎಲ್ಲ ತಿಳಿಯಿತು. ಆದರೂ ಹತ್ತಿರ ಹೋಗಿ ಪಿಸುದನಿಯಲ್ಲಿ ಕೇಳಿದಳು. "ಅತ್ತಿ, ನೀವು ಹಿಡದಿರಲಿಲ್ಲೇನ್ರಿ?"

"ನೀ ತಾಯಿ ಅದಿ," ಎಂದರು ಅಂಕಿತಾ. "ತಾಯಿ ಬಿಟ್ಟಾಳು ಅಂತ ನಾ ಹೆಂಗ ತಿಳೀಲಿ? ಚಾರ್ವಿ ಹಿಡದಿರತಾಳ, ನಾ ಒಂದೀಟು ಹಗುರಾಗತೀನಿ ಅಂದುಕೊಂಡೆ. ದೀಪಾ ಹಚ್ಚಿದ ಕೂಡ್ಲೆ ನನ್ನ ಮಗನ ಆ ಮಾರಿ ಕಣ್ಣಮುಂದ ತಂದುಕೊಳ್ಳೂದು ನನಗ ಆಗವಲ್ದಾತವಾ."

"ನಾನೂ ನೀವು ಹಿಡದೀರಿ ಅಂತ…"

ಒಳಗೆ ಹಂಚು ಚುಂಯ್ ಎಂದಿತು.

ಚಾರ್ವಿ ಬಾಲ್ಕನಿಗೆ ಹೋಗಿ ಇಂಚರಾ ಅವರಿಗೆ ಫೋನು ಮಾಡಿದಳು. ನಡೆದದ್ದನ್ನು ಹೇಳಿದಳು. ಇಂಚರಾ ಕೇಳಿದರು, "ಅವರು ಈಗ ಏನ್ ಮಾಡಾಕತ್ತಾರ?"

"ದ್ವಾಸಿ ಮಾಡಾಕತ್ತಾನ್ರಿ."

"ನಿಲ್ಲಸ್ರಿ. ನಾ ಹೇಳೂದು ಕೇಳ್ರಿ. ಜಾಗಾ ಬಿಟ್ಟೇವಿ ಅಂದ್ರ ಅಳಿಸೇವಿ ಅಂತಲ್ಲ. ಮನಿ ಖಾಲಿ ಅದ, ಯಾರು ಬೇಕಾದ್ರೂ ಬರ್ಬಹುದು ಅಂತ ಬಾಗಲಕ್ಕ ಬೋರ್ಡ್ ಹಾಕಿದಂಗ. ಒಳಗ ಹಳೇ ಸಾಮಾನ ಹಂಗ ಇರತಾವ. ಹೊಸಬರು ಬರೂ ತನಕ ಇರತಾವ. ಅವರು ಈಗ ಹೊಸದೇನು ನೋಡಿದ್ರೂ, ಕೇಳಿದ್ರೂ ಅದು ಆ ಜಾಗಕ್ಕ ಬಂದು ಕೂಡಬಹುದು. ಕಣ್ಣ ಮುಚ್ಚಿಸ್ರಿ, ಕಿವ್ಯಾಗ ಹತ್ತಿ ಇಡ್ರಿ, ಲಗೂನ ಕರ್ಕೊಂಡು ಬರ್ರಿ. ಎಲ್ಲಾ ಮರಳಿ ತರಬಹುದು."

"ಎಲ್ಲಾ ಅಂದ್ರ?"

"ದ್ರಾಕ್ಷಿ ಗೊನಿ ಇದ್ದಂಗ ಅದು. ಬೆಂಚಿನ ಮ್ಯಾಲ ಹೇಳಿದ್ದು ತೊಟ್ಟು. ಆಮ್ಯಾಲ ಅತ್ತದ್ದು, ಸುಧಾರಿಸಿದ್ದು ಎಲ್ಲಾ ಅದಕ್ಕ ಜೋತಬಿದ್ದಾವ. ತೊಟ್ಟು ಹಿಡದ್ರ ಎಲ್ಲಾ ಹಿಡದಂಗ, ತೊಟ್ಟು ಬಿಟ್ಟ ಕೂಡ್ಲೆ ಎಲ್ಲಾ ಬಿಟ್ಟಾವ. ಲಗೂ ಬರ್ರಿ."

ಚಾರ್ವಿ ಅಡುಗೆಮನೆಗೆ ಬಂದಳು. ಬಾಗಿಲಲ್ಲಿ ನಿಂತಳು. ಅವನ ಕೈ ಹಿಡಿದು ನಿಲ್ಲಿಸಲು ನಾಲ್ಕು ಹೆಜ್ಜೆ ಸಾಕಿತ್ತು.

ಅವನು ಸೌಟಿನ ತುದಿಯಿಂದ ಮೊಲದ ಎರಡನೆಯ ಕಿವಿ ಎಳೆಯುತ್ತಿದ್ದ. ಹೆಗಲುಗಳು ಹಗುರಾಗಿದ್ದವು. ಜ್ವರಕ್ಕೆ ಮೊದಲಿನ ಹೆಗಲುಗಳು ಅವು. ಇಬ್ಬನಿಯನ್ನು ಕೂರಿಸಿಕೊಂಡು ಮೆಟ್ಟಿಲಿಳಿದು ಹೋಗುತ್ತಿದ್ದ, ಲಿಫ್ಟ್ ರಿಪೇರಿಯವ ಮೆಟ್ಟಿಲು ಹತ್ತಬೇಕು, ಇಲ್ಲಂದ್ರ ಲಿಫ್ಟಿಗೆ ಸೊಕ್ಕು ಬರತದ ಎನ್ನುತ್ತಿದ್ದವನ ಹೆಗಲುಗಳು.

"ನೋಡಿಲ್ಲೆ, ಒಂದು ಕಿವಿ ಸೊಟ್ಟ ಆತು," ಎಂದ ಅವನು ತಿರುಗದೆಯೇ. "ನಡೀತದ. ಮೊಲ ಮಗ್ಗಲ ಮನಿ ಸುದ್ದಿ ಕೇಳಾಕತ್ತದ ಅಂತ ಹೇಳತೀನಿ. ಅಜ್ಜಿ ಕೇಳಿದಂಗ!"

ಅವಳು ನಿಂತೇ ಇದ್ದಳು. ಒಂದು ದೋಸೆ ಆಯಿತು. ಅವನು ಸಿಳ್ಳು ಹಾಕುತ್ತ ಇನ್ನೊಂದು ಹುಯ್ದ. ಹಿಂದಿನಿಂದ ಅತ್ತೆ ಅವಳ ಸೆರಗು ಜಗ್ಗಿ "ಚಾರ್ವಿ, ಹೊತ್ತಾತು" ಎಂದರು. "ಒಂದೇ ಒಂದು, ಅತ್ತಿ," ಎಂದಳು ಅವಳು. ಅವಳಿಗೆ ಗೊತ್ತಿತ್ತು. ಅವನ ಆ ಖುಷಿಯ ಒಂದೊಂದು ಗಳಿಗೆಯೂ ಹೋಗಿ ಎಲ್ಲಿ ಕೂರುತ್ತಿದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಕಣ್ತುಂಬ ನೋಡಿದಳು.

ಅವನು ತಟ್ಟೆ ಎತ್ತಿಕೊಂಡು ಒಳಗಿನ ಕೋಣೆಯ ಕಡೆಗೆ ತಿರುಗಿ "ಇಬ್ಬೂ!" ಎಂದು ಕೂಗಿದ.

ಆಗ ಅವಳು ಓಡಿ ಹೋಗಿ ಅವನ ಕಣ್ಣಿನ ಮೇಲೆ ಅಂಗೈ ಇಟ್ಟಳು. "ಕಣ್ಣ ಮುಚ್ಚು ಮನ್ವಿ."

"ಯಾಕ, ಆಟೇನು?"

"ಹೂಂ. ಆಟ."

"ಇಬ್ಬನೀದ ಇರಬೇಕು ಕಿತಾಪತಿ," ಎಂದು ಅವನು ಒಪ್ಪಿಕೊಂಡ. ಟವೆಲ್ಲಿನಿಂದ ಕಣ್ಣು ಕಟ್ಟಿಸಿಕೊಂಡ. ಕಿವಿಗೆ ಹತ್ತಿ ಇಡುವಾಗ ಕಚಗುಳಿ ಎಂದು ತಲೆ ಕೊಡವಿದ. ನವಲೂರಿನ ತನಕ ಕಾರಿನಲ್ಲಿ ಅವನು ಚಾರ್ವಿಯ ಕೈ ಹಿಡಿದು, ಏನೋ ಸಿಗುತ್ತದೆಂದು ಕಾಯುವ ಮಗುವಿನಂತೆ ಮುಗುಳ್ನಗುತ್ತಲೇ ಇದ್ದ. ಅವಳು ಕಿಟಕಿಯ ಆಚೆ ನೋಡುತ್ತ ಕುಳಿತಳು.

ಕೇಂದ್ರದಲ್ಲಿ ಇಂಚರಾ ಸಿದ್ಧರಾಗಿಯೇ ಇದ್ದರು. ಗಿಡ್ಡ ಕೂದಲಿನ, ಮಾತಿಗೆ ಮುಂಚೆ ಕನ್ನಡಕ ತೆಗೆಯುವ ಹೆಂಗಸು. ಮನ್ವಿತ್‌ನನ್ನು ಒರಗುಕುರ್ಚಿಯ ಮೇಲೆ ಕೂರಿಸಿ ಒತ್ತಾಸೆಗೆ ತಂತಿ ಜೋಡಿಸಿದ ಮೇಲೆ ಅವರು ಚಾರ್ವಿಯನ್ನು ಪಕ್ಕಕ್ಕೆ ಕರೆದರು.

"ನಿಮ್ಮನ್ನ ಕೇಳದ ಮಾಡಂಗಿಲ್ಲ. ತರಬೇಕೋ, ಹಂಗ ಬಿಡಬೇಕೋ? ಬಿಟ್ರ ಅವರು ಆರಾಮ ಇರತಾರ. ನೀವು ದಿನಾ ಗದಗಿನ ಸುಳ್ಳ ಹೇಳಬೇಕು, ಅಷ್ಟ."

ಚಾರ್ವಿ ಕುರ್ಚಿಯ ಕಡೆ ನೋಡಿದಳು. ಕಣ್ಣುಪಟ್ಟಿಯ ಕೆಳಗೆ ಆ ನಗು ಹಾಗೆಯೇ ಇತ್ತು.

"ಅಕಿಗೆ ಅಪ್ಪ ಅಂತ ಇರಾಂವ ಅಂವ ಒಬ್ಬಂವ," ಎಂದಳು. "ಅಕಿ ಹೋದದ್ದ ಗೊತ್ತಿಲ್ಲ ಅಂದ್ರ ಅಕಿ ಸಲುವಾಗಿ ಅಂವ ಹೆಂಗ ಅಳತಾನ್ರಿ? ಅಕಿಗೆ ಅಷ್ಟಾರ ಸಲ್ಲಬೇಕಲ್ಲ. ತರ್ರಿ."

ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವನ ಮುಖದ ಮೇಲಿನ ನಗು ಒಮ್ಮೆಲೇ ಹೋಗಲಿಲ್ಲ. ತುಟಿಯ ಒಂದು ಮೂಲೆಯಲ್ಲಿ ಸ್ವಲ್ಪ ನಿಂತಿತು, ಆಮೇಲೆ ಅದೂ ಇಳಿಯಿತು. ಅವನು ತಾನೇ ಕಣ್ಣುಪಟ್ಟಿ ತೆಗೆದು ಚಾರ್ವಿಯನ್ನು ಹುಡುಕಿದ.

"ಆಟ ಅಂದಿ," ಎಂದ.

ಅಂಕಿತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋದರು. ಚಾರ್ವಿ ಅವನ ತಲೆಯನ್ನು ಎದೆಗೆ ಅವಚಿಕೊಂಡು ಬಹಳ ಹೊತ್ತು ನಿಂತಳು. ಅವನು ಅಳುವ ಸದ್ದು ಬೆಂಚಿನ ಮಾತಿನ ನಂತರದ ಮೊದಲ ತಿಂಗಳ ಸದ್ದಾಗಿತ್ತು.

ಅವನು ನಿದ್ದೆ ಹೋದ ಮೇಲೆ ಇಂಚರಾ ಪರದೆಯ ಮೇಲೆ ತೋರಿಸಿದರು. ಗೊಂಚಲು ಬಹುಪಾಲು ಬಂದಿತ್ತು. ಆದರೆ ಕೊನೆಯ ಭಾಗದಲ್ಲಿ ಒಂದು ತುಂಡು ಇರಲಿಲ್ಲ. ಅಲ್ಲಿ ಹಂಚು, ಎಣ್ಣೆಯ ವಾಸನೆ, ಸೊಟ್ಟ ಕಿವಿ.

"ಅಳು ಎಲ್ಲಾ ಬಂದದ. ಸುಧಾರಿಸಿದ್ದು ಬರಲಿಲ್ಲ," ಎಂದರು. "ಸ್ವಲ್ಪ ತಡಾ ಆತೇನು?"

"ನಾ ನೋಡಕೋತ ನಿಂತೆ," ಎಂದಳು ಚಾರ್ವಿ.

ಇಂಚರಾ ಕನ್ನಡಕ ತೆಗೆದರು. ಬೈಯಲಿಲ್ಲ. "ಮೋಡದ ಲೆಕ್ಕಕ್ಕ ಬರೆಯುವಾಗ ನಾ ಒಂದು ನೇಮ ಹಾಕಿದ್ದೆ. ಒಂದು ಜಾಗಕ್ಕ ಒಡೆಯ ಒಬ್ಬನ ಇರಬೇಕು. ಕೇಳಿದಂವನ ಹಿಂದಿರುಗಿಸಬೇಕು, ಅಲ್ಲೀ ತನಕ ಅಂವನ ಕಾಯಬೇಕು. ಇಬ್ಬರು ಒಡೆಯರಿದ್ರ, ಅಂವ ಕಾಯತಾನ ಅಂತ ಇಂವ, ಇಂವ ಕಾಯತಾನ ಅಂತ ಅಂವ. ನಮ್ಮ ಕೆಲಸದಾಗ ಎಲ್ಲಾಕ್ಕಿಂತ ಹಳೇ ತಪ್ಪು ಇದ. ಮನುಷ್ಯರ ವಿಷಯ ಬಂದಾಗ ನನಗ ಏನನಿಸ್ತಂದ್ರ, ಹೆಚ್ಚು ಕೈ ಇದ್ರ ಹೆಚ್ಚು ಗಟ್ಟಿ. ಪ್ರೀತಿ ಇದ್ದಲ್ಲೆ ಇಂಥಾ ತಪ್ಪ ಆಗೂದಿಲ್ಲ ಅಂತ." ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಇನ್ನ ಮ್ಯಾಲ ಒಂದು ನೆನಪಿಗೆ ಒಬ್ಬರ ಹೆಸರು. ಇದಕ್ಕ ಯಾರದು ಹಾಕಲಿ?"

"ನಂದು," ಎಂದಳು ಚಾರ್ವಿ.

ಆ ಸಂಜೆಯಿಂದ ಅವಳು ಬೆಂಚಿನ ಗಳಿಗೆಯನ್ನು ದಿನವೂ ಹಿಡಿದಳು. ಕುಕ್ಕರನ್ನು ಆರಿಸಿ, ಕೈ ಒರೆಸಿಕೊಂಡು, ಪೂರ್ತಿ ಹಿಡಿದಳು.

ಆದರೆ ಮನ್ವಿತ್ ಮತ್ತೆ ಊಟ ಬಿಟ್ಟ. ಮಾತು ಬಿಟ್ಟ. ಒಮ್ಮೆ ದಾಟಿದ ಹೊಳೆಯನ್ನು ದಾಟಿದ್ದೇನೆಂದು ತಿಳಿಯದೆ ಮತ್ತೆ ಈ ದಡದಲ್ಲೇ ನಿಂತವನಂತೆ ಆಗಿದ್ದ. ಒಂದು ಸಂಜೆ ತಾನಾಗಿಯೇ ಅವಳನ್ನು ಕರೆದು ಕೂರಿಸಿಕೊಂಡ.

"ನಾ ಸುಧಾರಿಸಿದ್ದೆ ಅಂತೀಯಲ್ಲ, ಹೆಂಗ ಸುಧಾರಿಸಿದೆ? ಹೇಳು. ಹೇಳಿದ್ರ ಮತ್ತ ಹಂಗ ಮಾಡತೀನಿ."

ಚಾರ್ವಿಗೆ ಅದು ಗೊತ್ತಿತ್ತು. ಖುಷಿಯಿಂದಲೇ ಶುರುಮಾಡಿದಳು. "ಹಿಂಗ ಸಂಜಿ ಹೊತ್ತು. ನಾ ಬಾಲ್ಕನ್ಯಾಗ ಒಗದದ್ದ ಒಣಾ ಹಾಕಾಕತ್ತಿದ್ದೆ. ನೀ ಬಂದು ಇಬ್ಬನೀದೊಂದು ಹಳೇ ಮಾತ ಹೇಳಿದಿ. ನಾ ಊರಾಗ ಇಲ್ಲದಾಗ ಅಕಿ ಏನೋ ಮಾಡಿದ್ದು. ನಾವು ನಕ್ವಿ ನೋಡು! ಅಕಿ ಹೋದ ಮ್ಯಾಲ ಅವತ್ತ ಮೊದಲನೇ ಸಲ. ನಾ ಅಲ್ಲೇ ನೆಲದ ಮ್ಯಾಲ ಕೂತೆ, ಪಕ್ಕಿ ಹಿಡ್ಕೊಂಡು. ಅತ್ತಿ ಒಳಗಿಂದ 'ಏನಾತರ್ರೇ?' ಅಂತ ಓಡಿ ಬಂದ್ರು. ಅವತ್ತಿಂದ ನೀ ಉಣ್ಣಾಕತ್ತಿದಿ."

"ಏನ್ ಹೇಳಿದ್ದೆ ನಾ?"

ಅವಳು ಬಾಯಿ ತೆರೆದಳು.

ಬಾಲ್ಕನಿ ಬಂತು. ಹಿಂಡಿದ ಬಟ್ಟೆಯಿಂದ ಮೊಣಕೈಗೆ ಇಳಿದ ನೀರು ಬಂತು. ಅತ್ತೆಯ ದನಿ ಬಂತು. ಮಾತು ಬರಲಿಲ್ಲ. ಅವಳ ಕಿವಿಯ ಹಿಂದೆ ಯಾವ ಬೀಜವೂ ಇರಲಿಲ್ಲ, ಅವಳಿಗೆ ಯಾವ ಜ್ವರವೂ ಬಂದಿರಲಿಲ್ಲ. ಅದು ಅವನ ಒತ್ತಾಸೆಯಲ್ಲಿ ಭದ್ರವಾಗಿದೆ, ತನಗಿಂತ ಚೆನ್ನಾಗಿ ಅದು ಕಾಯುತ್ತದೆ ಎಂದುಕೊಂಡು ಅವಳು ಆ ಮಾತನ್ನು ಮತ್ತೊಮ್ಮೆ ನೆನೆಯುವ ಗೋಜಿಗೇ ಹೋಗಿರಲಿಲ್ಲ.

"ಅತ್ತಿ," ಎಂದು ಕರೆದಳು. "ಅವತ್ತ ಬಾಲ್ಕನ್ಯಾಗ ನಾವು ಯಾಕ ನಕ್ವಿ, ನಿಮಗ ಹೇಳಿದ್ವೇನ್ರಿ?"

ಅಂಕಿತಾ ಬಂದು ಅವಳ ಪಕ್ಕದಲ್ಲಿ ಕುಳಿತರು. ತಲೆ ಅಲ್ಲಾಡಿಸಿದರು. ಮಗನ ಕಡೆ ತಿರುಗಿದರು.

"ಇಂವ ಮೂರು ವರ್ಷದಾಂವ ಇದ್ದಾಗ ಒಂದು ಮಾತ ಅಂದಿದ್ದ," ಎಂದರು. "ಮನಿ ಮಂದೀ ಎಲ್ಲಾ ಬಿದ್ದು ಬಿದ್ದು ನಕ್ಕಿದ್ರು. ನಾ ಫೋನ್ ತಗದು, ಇನ್ನೊಮ್ಮ ಹೇಳೋ, ಇನ್ನೊಮ್ಮ ಹೇಳೋ ಅಂತ ಮುಂದ ಹಿಡದೆ. ಆಗೆಲ್ಲಾ ಹಂಗ. ನಕ್ಕರೂ ಫೋನು, ಅತ್ತರೂ ಫೋನು. ತಗದಿಟ್ಟೀನಲ್ಲ, ಎಲ್ಲಿ ಹೋಗತದ ಅಂತ ಮತ್ತ ತಿರುಗಿ ನೋಡ್ತಿದ್ದಿಲ್ಲ. ಇಂವ ಮತ್ತೊಮ್ಮ ಹೇಳಲಿಲ್ಲ. ಆ ಫೋನಿನ ಬಣ್ಣ ಈಗೂ ನೆನಪದ, ಮಾತ ಏನಂತ ಕೇಳು, ಇಲ್ಲ."

ಮನ್ವಿತ್ ತಾಯಿಯನ್ನೂ ಹೆಂಡತಿಯನ್ನೂ ಬದಲಿಸಿ ಬದಲಿಸಿ ನೋಡಿದ. ಜ್ವರಕ್ಕೆ ಮೊದಲಿನ ಆರು ವರ್ಷದ ಇಬ್ಬನಿ ಅವನ ಮಿದುಳಿನಲ್ಲಿ ಇನ್ನೂ ಹಾಗೆಯೇ ಇದ್ದಳು. ಅಂದು ಹೇಳಿದ ಮಾತೂ ಅದರಲ್ಲೇ ಎಲ್ಲೋ ಇರಬೇಕು. ಯಾವುದೆಂದು ಮಾತ್ರ ಯಾರಿಗೂ ಗೊತ್ತಿಲ್ಲ.

"ನೀ ಗದಗಿಗೆ ಹೋದಾಗ ಅಕಿ ನನ್ನ ಸ್ಪ್ಯಾನರ್ ತಗದು ಅಕ್ಕಿ ಡಬ್ಬ್ಯಾಗ ಹುಗದಿಟ್ಟಿದ್ದಳು," ಎಂದು ಅವನು ನಿಧಾನವಾಗಿ ಶುರುಮಾಡಿದ. "ಯಾಕವಾ ಅಂದ್ರ, ಬೆಳೀಲಿ ಅಂತ ಅಂದಳು."

ಚಾರ್ವಿ ಕೇಳಿದಳು. ಕಣ್ಣು ತುಂಬಿ ಬಂದವು. ಮುಗುಳ್ನಗುವೂ ಬಂತು. ಅವಳು ಆ ದಿನದ ನಗೆಗಾಗಿ ಕಾದಳು. ಅದು ಬರಲಿಲ್ಲ.

"ಇದ ಏನು?" ಎಂದ ಮನ್ವಿತ್.

"ಅಲ್ಲ," ಎಂದು ಚಾರ್ವಿ ಅವನ ಹತ್ತಿರಕ್ಕೆ ಸರಿದು ಕುಳಿತಳು. "ಇನ್ನೊಂದು ಹೇಳು."